ಇಪ್ಪತ್ನಾಲ್ಕನೇ ಸೆಲ್ಲಿನ ನೀರು

ಹೈಡ್ರೋಜನ್ ಸಿಲಿಂಡರುಗಳು ಸಿಂಧನೂರಿನವರೆಗೆ ಲಾರಿಯಲ್ಲಿ ಬಂದವು. ಅಲ್ಲಿಂದ ಮುಂದೆ, ರೈಸ್ ಮಿಲ್ಲಿಗೆ ಭತ್ತ ಇಳಿಸಿ ಖಾಲಿ ಹೊರಟಿದ್ದ ಒಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ, ಸಿಲಿಂಡರುಗಳನ್ನು ನಿಲ್ಲಿಸಿ ಹಗ್ಗದಿಂದ ಬಿಗಿದು, ಮಸ್ಕಿ ದಾಟಿ ಒಳಗಿನ ಹಳ್ಳಿಗೆ ಒಯ್ದೆವು. ನಾನು ಡ್ರೈವರನ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಿಂದಕ್ಕೇ ನೋಡುತ್ತಿದ್ದೆ. ಅವನು ಬೀಡಿ ಹಚ್ಚಲು ಜೇಬಿಗೆ ಕೈ ಹಾಕಿದಾಗಲೆಲ್ಲ ಬೇಡ ಎನ್ನಬೇಕಾಗಿತ್ತು. ಮೂರನೇ ಸಲ ಅವನು ಬೆಂಕಿಪೊಟ್ಟಣವನ್ನೇ ನನ್ನ ಕೈಗೆ ಕೊಟ್ಟುಬಿಟ್ಟ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಅದು. ನಮ್ಮ ಪ್ರಯೋಗಾಲಯ ಕಟ್ಟಿದ್ದ ಫ್ಯೂಯಲ್ ಸೆಲ್ ಯಂತ್ರವನ್ನು ಲ್ಯಾಬಿನ ಹೊರಗೆ, ಕರೆಂಟು ನೆಚ್ಚಿಕೊಳ್ಳಲಾಗದ ಒಂದು ಹಳ್ಳಿಯ ದವಾಖಾನೆಯಲ್ಲಿ ನಾಲ್ಕು ತಿಂಗಳು ಓಡಿಸಿ ನೋಡಬೇಕೆಂದು ತೀರ್ಮಾನವಾಗಿತ್ತು. ಅಲ್ಲಿ ಮಕ್ಕಳ ಲಸಿಕೆ ಇಡುವ ಒಂದು ಸಣ್ಣ ಫ್ರಿಜ್ ಇತ್ತು. ಯಂತ್ರ ಬ್ಯಾಟರಿಗಳನ್ನು ಚಾರ್ಜ್ ಮಾಡಬೇಕು, ಬ್ಯಾಟರಿಗಳು ಫ್ರಿಜ್ಜನ್ನು ತಣ್ಣಗಿಡಬೇಕು. ಇಷ್ಟೇ ಕೆಲಸ. ನಾನು ಲಿಂಗಸುಗೂರಿನವಳು, ಆ ಕಡೆಯ ಮಾತು ಬಲ್ಲವಳು ಎಂಬ ಕಾರಣಕ್ಕೆ ನನ್ನನ್ನು ಕಳಿಸಿದರು. ನಮ್ಮ ಮುಖ್ಯಸ್ಥರು ಹೊರರಾಜ್ಯದವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಯಂತ್ರ ನೋಡಲು ಒಂದು ಟ್ರಂಕಿನಷ್ಟು ದೊಡ್ಡದು. ಒಳಗೆ ಇಪ್ಪತ್ನಾಲ್ಕು ಸೆಲ್ಲುಗಳನ್ನು ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಜೋಡಿಸಿ, ಎರಡೂ ತುದಿಗೆ ದಪ್ಪ ಅಲ್ಯೂಮಿನಿಯಂ ಪ್ಲೇಟು ಇಟ್ಟು ಬೋಲ್ಟು ಬಿಗಿದಿದ್ದೆವು. ಪ್ರತಿ ಸೆಲ್ಲಿನ ನಡುವೆ ಒಂದು ತೆಳು ಪೊರೆ. ಪೊರೆಯ ಎರಡೂ ಮೈಗೆ ಇದ್ದಿಲಿನ ನುಣ್ಣನೆ ಪುಡಿಯಲ್ಲಿ ಬೆರೆಸಿದ ಪ್ಲಾಟಿನಂ ಲೇಪ. ಒಂದು ಮಗ್ಗುಲಲ್ಲಿ ಹೈಡ್ರೋಜನ್, ಇನ್ನೊಂದು ಮಗ್ಗುಲಲ್ಲಿ ಗಾಳಿ ಹರಿಯುತ್ತವೆ. ಪ್ಲಾಟಿನಂ ಅವೆರಡರ ನಡುವಿನ ಕ್ರಿಯೆಯನ್ನು ನಡೆಸಿಕೊಡುತ್ತದೆ. ವಿದ್ಯುತ್ ಹುಟ್ಟುತ್ತದೆ, ಜೊತೆಗೆ ನೀರೂ ಹುಟ್ಟುತ್ತದೆ. ಹೊಗೆ ಇಲ್ಲ, ಸದ್ದಿಲ್ಲ.

ತೊಂದರೆಯೆಲ್ಲ ಆ ನೀರಿನದೇ. ಪೊರೆ ಒಣಗಿದರೆ ಕೆಲಸ ಮಾಡುವುದಿಲ್ಲ, ಬಿರಿಯುತ್ತದೆ. ಅದಕ್ಕೆ ಹೈಡ್ರೋಜನ್ನನ್ನು ಡಿಸ್ಟಿಲ್ಡ್ ವಾಟರ್ ತುಂಬಿದ ಬೆಚ್ಚನೆಯ ಬಾಟಲಿಯೊಳಗೆ ಗುಳ್ಳೆಗುಳ್ಳೆಯಾಗಿ ಹಾಯಿಸಿ, ತೇವ ಮಾಡಿ ಒಳಗೆ ಬಿಡುತ್ತಿದ್ದೆವು. ಆದರೆ ನೀರು ಹೆಚ್ಚಾದರೆ ಗ್ಯಾಸು ಹರಿಯುವ ಸಣ್ಣ ಗೀರುಗಳಲ್ಲಿ ಹನಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಆ ಹನಿಗಳನ್ನು ಹೊರಹಾಕಲು ಹೈಡ್ರೋಜನ್ ಕೊಳವೆಯ ಕೊನೆಯಲ್ಲಿ ಒಂದು ಸಣ್ಣ ವಾಲ್ವ್ ಇತ್ತು. ಯಂತ್ರ ಓಡುವಾಗ ಹತ್ತು ನಿಮಿಷಕ್ಕೊಮ್ಮೆ ಮೂರು ಸೆಕೆಂಡು ಅದನ್ನು ಕೈಯಿಂದ ತೆರೆದು ಮುಚ್ಚಬೇಕು. ನೀರಿನ ಹನಿಗಳ ಜೊತೆ ಸ್ವಲ್ಪ ಹೈಡ್ರೋಜನ್ನೂ ಹೊರಗೆ ಹೋಗುತ್ತಿತ್ತು.

ಇದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು ಬೇಕಿತ್ತು. ದವಾಖಾನೆಯ ನರ್ಸ್ ಒಬ್ಬ ಹಿರಿಯರನ್ನು ಕರೆತಂದರು. ಅರವತ್ತರ ಆಸುಪಾಸಿನ ವಯಸ್ಸು, ಬಿಳಿ ಧೋತರ, ಹಣೆಗೆ ವಿಭೂತಿ. ಜವಳಗೇರಾ ಕಡೆ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸವನ್ನು ಇಪ್ಪತ್ತೈದು ವರ್ಷ ಮಾಡಿ, ನಿವೃತ್ತರಾಗಿ ಊರಿಗೆ ಮರಳಿದ್ದರು. ನಾನು ಮೊದಲ ದಿನವೇ ಅವರನ್ನು ಕಾಕಾ ಎಂದು ಕರೆದೆ. ಅವರು ನನ್ನನ್ನು ಮೇಡಂರೀ ಎನ್ನುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅದು ಯವ್ವಾ ಆಯಿತು.

ಅವರಿಗೆ ಯಂತ್ರದ ಒಳಗನ್ನು ವಿವರಿಸಿದ ದಿನ ನೆನಪಿದೆ. ಕಾಕಾ ಬೆರಳನ್ನು ಸೆಲ್ಲುಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಎಳೆದರು.

"ಗ್ಯಾಸು ಈ ಕಡಿಯಿಂದ ಒಳಗ ಹೋಗತೈತಿ ಏನ್ರಿ?"

"ಹೌದ್ರಿ ಕಾಕಾ. ಒಂದನೇದರಿಂದ ಇಪ್ಪತ್ನಾಲ್ಕನೇದರ ತನಕ."

"ಅಂದ್ರ ಒಂದನೇದು ಹೆಡ್ಡು. ಇದು ಟೇಲೆಂಡು." ಕೊನೆಯ ಸೆಲ್ಲಿನ ಮೇಲೆ ಬೆರಳು ನಿಂತಿತು. "ಟೇಲೆಂಡಿನಾಗ ಯಾವತ್ತೂ ತಕರಾರ ಇರತೈತ್ರಿ ಮೇಡಂರೀ. ಕಾಲುವ್ಯಾಗೂ ಹಂಗ. ಮ್ಯಾಲಿನವರು ತಗೊಂಡು ಉಳದದ್ದು ಅವರಿಗೆ."

ನಾನು ನಕ್ಕು, ಇದು ಕಾಲುವೆಯಲ್ಲ, ಎಲ್ಲ ಸೆಲ್ಲಿಗೂ ಸಮನಾಗಿ ಹೋಗುವಂತೆ ಲೆಕ್ಕ ಹಾಕಿದ್ದೇವೆ ಎಂದೆ.

ಮೊದಲ ಐದು ವಾರ ನಾನು ಲಿಂಗಸುಗೂರಿನ ಅಕ್ಕನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ನಾಲ್ಕು ತಾಸು, ಮಧ್ಯಾಹ್ನದ ಮೇಲೆ ಮೂರು ತಾಸು ಯಂತ್ರ ಓಡುತ್ತಿತ್ತು. ಓಡಿಸುವ ಮೊದಲು ಬಾಟಲಿಯ ನೀರಿನ ಮಟ್ಟ, ಅದರ ಬಿಸಿ, ಸಿಲಿಂಡರಿನ ಒತ್ತಡ ನೋಡಬೇಕು. ಓಡುವಾಗ ಅರ್ಧ ತಾಸಿಗೊಮ್ಮೆ ಮೀಟರಿನ ಎರಡು ಮುಳ್ಳುಗಳನ್ನು ಪ್ರತಿ ಸೆಲ್ಲಿನ ತಗಡಿಗೆ ಮುಟ್ಟಿಸಿ ವೋಲ್ಟೇಜು ಬರೆಯಬೇಕು. ಕಾಕಾ ಎರಡೇ ದಿನಕ್ಕೆ ಎಲ್ಲ ಕಲಿತರು. ಅವರ ಅಂಕಿಗಳು ಅಚ್ಚಿನಂತೆ ಇರುತ್ತಿದ್ದವು. ಕೊನೆಯ ಕಾಲಮಿನಲ್ಲಿ, ಷರಾ ಎಂದು ಇದ್ದಲ್ಲಿ, ಒಂದೊಂದು ಸಾಲು ಕನ್ನಡದಲ್ಲಿ ಬರೆಯುತ್ತಿದ್ದರು. ಸಿಲಿಂಡರು ಇಟ್ಟ ಚಪ್ಪರದ ಸುತ್ತ ತಾವೇ ಮುಳ್ಳಿನ ಬೇಲಿ ಕಟ್ಟಿ, ಅದರ ಬಾಗಿಲಿಗೆ ಬೀಗ ಹಾಕಿದ್ದರು. ಬೀಡಿ ಸೇದುತ್ತ ಬಂದವರನ್ನು ದೂರದಿಂದಲೇ ತಡೆಯುತ್ತಿದ್ದರು.

ಒಮ್ಮೆ ಡಿಸ್ಟಿಲ್ಡ್ ವಾಟರಿನ ಕ್ಯಾನು ಮುಗಿಯಿತು. ಹೊಸದು ಲ್ಯಾಬಿನಿಂದ ಬರಲು ತಡವಾಗಿತ್ತು. ಆ ಊರಿನ ಬಾವಿಯ ನೀರನ್ನು ಬಾಟಲಿಗೆ ಹಾಕುವಂತಿರಲಿಲ್ಲ. ಅದು ಗಡಸು ನೀರು, ಮೇಲಾಗಿ ಫ್ಲೋರೈಡ್ ಇರುವ ನೀರು. ಊರಿನ ಎಷ್ಟೋ ಜನರ ಹಲ್ಲು ಅದರಿಂದ ಕಂದುಗಟ್ಟಿತ್ತು, ಕಾಕಾನದೂ. ಅವರು ಆ ದಿನ ಯಂತ್ರ ನಿಲ್ಲಿಸಿ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ, ಬ್ಯಾಟರಿ ಅಂಗಡಿಯಿಂದ ಎರಡು ಕ್ಯಾನು ತಂದರು. ಷರಾದಲ್ಲಿ ಅದನ್ನೂ ಬರೆದಿದ್ದರು.

ಡಿಸೆಂಬರಿನ ಚಳಿ ಶುರುವಾದ ಮೇಲೆ ಬೆಳಿಗ್ಗೆ ಇಪ್ಪತ್ನಾಲ್ಕನೇ ಸೆಲ್ಲಿನ ವೋಲ್ಟೇಜು ಉಳಿದವುಗಳಿಗಿಂತ ಕೆಳಗಿಳಿಯತೊಡಗಿತು. ವಾಲ್ವ್ ತೆರೆದರೆ ಏರುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತಿತ್ತು. ತುದಿಯ ದಪ್ಪ ಪ್ಲೇಟು ರಾತ್ರಿಯ ಚಳಿಗೆ ತಣ್ಣಗಾಗಿ, ಅದಕ್ಕೆ ಅಂಟಿದ ಸೆಲ್ಲಿನಲ್ಲಿ ಆವಿ ನೀರಾಗಿ ನಿಲ್ಲುತ್ತಿತ್ತು. ಒಂದು ದಿನ ನಾನು ಹೋದಾಗ ಕಾಕಾ ಆ ತುದಿಗೆ ತಮ್ಮ ಕಂಬಳಿ ಸುತ್ತಿದ್ದರು.

"ಥಂಡಿ ಹತ್ತೇತಿ ಯವ್ವಾ ಅದಕ್ಕ. ಮೈ ಮುಟ್ಟಿ ನೋಡು, ಉಳದವು ಬೆಚ್ಚಗ ಅದಾವ."

ಉಣ್ಣೆಯ ತಿಕ್ಕಾಟದಿಂದ ಸಣ್ಣ ಕಿಡಿ ಹುಟ್ಟಬಹುದು, ಹೈಡ್ರೋಜನ್ ಹತ್ತಿರ ಅದು ಕೂಡದು ಎಂದು ನಾನು ಕಂಬಳಿ ತೆಗೆಸಿದೆ. ನಾನು ಹೇಳಿದ್ದು ಸರಿಯೇ ಇತ್ತು. ಆದರೆ ಅವರು ತೋರಿಸಿದ್ದೂ ಸರಿಯೇ ಇತ್ತು. ಅದರ ಬದಲು ಬೇರೆ ಏನಾದರೂ ಸುತ್ತಬಹುದಿತ್ತು. ಆ ವಿಚಾರವನ್ನು ಮುಂದಿನ ವಾರ ನೋಡೋಣ ಎಂದು ಬಿಟ್ಟೆ. ಮುಂದಿನ ವಾರ ಹೈಡ್ರೋಜನ್ನಿನ ಚಿಂತೆ ಹತ್ತಿತು.

ಸಿಲಿಂಡರುಗಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಖಾಲಿಯಾಗುತ್ತಿದ್ದವು. ಮುಂದಿನ ಲಾರಿ ಯಾವಾಗ ಬರುತ್ತದೆಂದು ಯಾರೂ ಖಚಿತ ಹೇಳುತ್ತಿರಲಿಲ್ಲ. ನಾನು ಕೂತು ಲೆಕ್ಕ ಹಾಕಿದೆ. ಹತ್ತು ನಿಮಿಷಕ್ಕೊಮ್ಮೆ ವಾಲ್ವ್ ತೆರೆಯುವುದರಲ್ಲಿಯೇ ಗ್ಯಾಸು ಪೋಲಾಗುತ್ತಿತ್ತು. ಅರ್ಧ ತಾಸಿಗೊಮ್ಮೆ ತೆರೆದರೆ ಇದ್ದ ಸಿಲಿಂಡರುಗಳೇ ಸಾಕಾಗುತ್ತಿದ್ದವು. ಲಿಂಗಸುಗೂರಿನ ಎಸ್‌ಟಿಡಿ ಬೂತಿನಿಂದ ಮುಖ್ಯಸ್ಥರಿಗೆ ಫೋನು ಮಾಡಿ ಈ ಸಲಹೆ ಕೊಟ್ಟೆ. ಒಟ್ಟು ವೋಲ್ಟೇಜು ಸರಿಯಿದ್ದರೆ ಹಾಗೇ ಮಾಡು ಎಂದರು. ಸಲಹೆ ನನ್ನದು. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಮರುದಿನ ಕಾಕಾನಿಗೆ ಹೊಸ ಕ್ರಮದ ಹಾಳೆ ಕೊಟ್ಟೆ. ಅವರು ಎರಡು ಸಲ ಓದಿದರು.

"ಯವ್ವಾ, ಹತ್ತು ನಿಮಿಷಕ್ಕ ಬಿಟ್ರ ಕಡೀದು ಹೆಂಗರ ಮಾಡಿ ನಿಂದರತೈತಿ. ಅರ್ಧ ತಾಸು ಅಂದ್ರ ಉಳಿಯಂಗಿಲ್ಲ ಅದು."

"ಒಟ್ಟು ವೋಲ್ಟೇಜ್ ಸರಿ ಐತಲ್ಲ ಕಾಕಾ."

"ಒಟ್ಟು ಸರೀನ ಐತಿ. ಇಪ್ಪತ್ಮೂರು ಮಂದಿ ಉಂಡಾರ, ಒಬ್ಬಾಂವ ಉಪಾಸ ಅದಾನ. ಒಟ್ಟಿನಾಗ ಅದು ಎಲ್ಲಿ ಕಾಣತೈತಿ?"

"ನಾವು ಲೆಕ್ಕ ಮಾಡೀವಿ ಕಾಕಾ. ಹಾಳ್ಯಾಗ ಬರದಂಗ ಮಾಡ್ರಿ."

"ಆತು ಬಿಡವ್ವ," ಎಂದರು. ಕೈಗಡಿಯಾರ ನೋಡಿ, ಅರ್ಧ ತಾಸು ತುಂಬಿದ ಮೇಲೆಯೇ ವಾಲ್ವ್ ತೆರೆದರು. ಅಂದಿನಿಂದ ಹಾಗೇ ಮಾಡಿದರು. ಕೊಟ್ಟ ಮಾತು ಮೀರುವವರಲ್ಲ ಅವರು.

ನಾನು ಲ್ಯಾಬಿಗೆ ಮರಳಿದೆ. ಕಾಕಾ ವಾರಕ್ಕೊಮ್ಮೆ ಅಂಕಿಗಳ ಹಾಳೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ನಾನು ಅವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಮುಖ್ಯಸ್ಥರ ಮೇಜಿನ ಮೇಲಿಡುತ್ತಿದ್ದೆ. ನಮ್ಮ ಫಾರಮ್ಮಿನಲ್ಲಿ ಒಟ್ಟು ವೋಲ್ಟೇಜಿಗೆ, ಕರೆಂಟಿಗೆ, ಬಿಸಿಗೆ ಮಾತ್ರ ಕಾಲಮ್ ಇತ್ತು. ಷರಾಕ್ಕೆ ಇರಲಿಲ್ಲ. ಆದ್ದರಿಂದ ನಾನು ಷರಾ ಟೈಪ್ ಮಾಡಲಿಲ್ಲ. ಎರಡನೇ ವಾರದ ನಂತರ ಓದಲೂ ಇಲ್ಲ.

ಜನವರಿಯ ಕೊನೆಗೆ ನರ್ಸ್ ಮಸ್ಕಿಯಿಂದ ಫೋನು ಮಾಡಿದರು. ಯಂತ್ರ ನಿಂತಿತ್ತು. ಫ್ರಿಜ್ ಬೆಚ್ಚಗಾಗಿತ್ತು. ಆಗಲೇ ಊರಿನಲ್ಲಿ ಎರಡು ದಿನದಿಂದ ಕರೆಂಟೂ ಇರಲಿಲ್ಲ. ಅವರು ಉಳಿದ ಲಸಿಕೆಯನ್ನು ಐಸ್ ಡಬ್ಬಿಯಲ್ಲಿ ಮಸ್ಕಿಗೆ ಒಯ್ದಿದ್ದರು, ಒಂದಿಷ್ಟು ಚೆಲ್ಲಬೇಕಾಯಿತು. ಆ ವಾರದ ಲಸಿಕೆ ದಿನ ರದ್ದಾಯಿತು. ಸುತ್ತಲಿನ ಹಳ್ಳಿಗಳಿಂದ ಕೂಸು ಎತ್ತಿಕೊಂಡು ನಡೆದು ಬಂದ ಹೆಂಗಸರು ಹಾಗೇ ಹಿಂದಕ್ಕೆ ಹೋದರು.

ನಾನು ಹೋಗಿ ನೋಡಿದೆ. ಕೊನೆಯ ಸೆಲ್ಲಿನಲ್ಲಿ ವೋಲ್ಟೇಜು ಇರಲಿಲ್ಲ, ಹೈಡ್ರೋಜನ್ ಪೊರೆಯ ಆಚೆಗೆ ಸೋರುತ್ತಿತ್ತು. ನೀರು ಹೊರಬರುವ ನಳಿಕೆಯಲ್ಲಿ ಬೂದುಬಣ್ಣದ ಹನಿಗಳಿದ್ದವು. ಆ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ, ತೇವ ಮಾಡುವ ಬಾಟಲಿಯ ನೀರನ್ನು ಇನ್ನೊಂದರಲ್ಲಿ, ಊರ ಬಾವಿಯ ನೀರನ್ನು ಮತ್ತೊಂದರಲ್ಲಿ ತುಂಬಿ ಚೀಟಿ ಅಂಟಿಸಿ ಲ್ಯಾಬಿಗೆ ತಂದೆ. ಯಂತ್ರದಿಂದ ಹೊರಬಂದ ನೀರನ್ನು ಮೊದಲು ಪರೀಕ್ಷಿಸಿದೆವು, ಅದರಲ್ಲಿ ಫ್ಲೋರೈಡ್ ಸಿಕ್ಕಿತು.

ಮುಖ್ಯಸ್ಥರಿಗೆ ಅಷ್ಟು ಸಾಕಾಯಿತು. ಫ್ಲೋರೈಡ್ ಇರುವ ಊರು, ಫ್ಲೋರೈಡ್ ಇರುವ ನೀರು. ಡಿಸ್ಟಿಲ್ಡ್ ವಾಟರ್ ಮುಗಿದಾಗ ಮುದುಕ ಬಾವಿಯ ನೀರು ಸುರಿದಿದ್ದಾನೆ ಎಂದರು. ನನಗೂ ಬೇರೆ ಕಾರಣ ಹೊಳೆಯಲಿಲ್ಲ. ಸಿಂಧನೂರಿನಿಂದ ತಂದ ಕ್ಯಾನುಗಳ ಮಾತನ್ನು ನಾನು ಎತ್ತಲಿಲ್ಲ. ಕಾಕಾ ಹಾಗೆ ಮಾಡುವವರಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸು ಹೇಳಿದ್ದನ್ನು ಪರೀಕ್ಷೆಯ ಫಲಿತಾಂಶದ ಎದುರಿಗೆ ಇಡುವ ಧೈರ್ಯ ನನಗೆ ಆಗ ಇರಲಿಲ್ಲ.

ಯಂತ್ರ ಕಳಚಿ ತರಲು ಮುಖ್ಯಸ್ಥರು ತಾವೇ ಬಂದರು. ನಾವು ಹೋದದ್ದು ಲಸಿಕೆಯ ದಿನ. ದವಾಖಾನೆಯ ಪಡಸಾಲೆಯಲ್ಲಿ ತಾಯಂದಿರು ಕೂತಿದ್ದರು, ಹತ್ತಾರು ಗಂಡಸರು ಕಟ್ಟೆಯ ಮೇಲಿದ್ದರು. ಕಾಕಾ ಯಂತ್ರದ ಪಕ್ಕ ನಿಂತಿದ್ದರು. ಮುಖ್ಯಸ್ಥರು ಒಳಗೆ ಕರೆದು ಕೇಳಬಹುದಿತ್ತು. ನಾನಾದರೂ ಅವರನ್ನು ಒಳಗೆ ಕರೆದೊಯ್ಯಬಹುದಿತ್ತು. ಅವರು ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಕೇಳಿದರು, ನಾನು ಅಲ್ಲೇ ನಿಂತು ಅದನ್ನು ನಮ್ಮ ಮಾತಿಗೆ ತಿರುಗಿಸಿದೆ.

"ಕಾಕಾ, ಬಾಟಲಿಗೆ ಬಾವಿ ನೀರು ಹಾಕಿದ್ರೇನು ಅಂತ ಸರ್ ಕೇಳಾಕತ್ತಾರ."

"ಇಲ್ಲವ್ವ."

"ಪರೀಕ್ಷಾ ಮಾಡ್ಯಾರ. ನಿಮ್ಮೂರ ನೀರಿನಾಗ ಇರೂದು ಮಷಿನ್ನಿನ ನೀರಿನಾಗ ಸಿಕ್ಕೈತಿ."

ಅವರು ನನ್ನ ಮುಖವನ್ನೇ ನೋಡಿದರು. "ನಾ ಹಾಕಿಲ್ಲ," ಎಂದರು.

ಮುಖ್ಯಸ್ಥರು ಇನ್ನೊಂದು ಮಾತು ಹೇಳಿದರು. ಹೇಳಬೇಡ ಎಂದು ನನ್ನನ್ನು ಯಾರೂ ತಡೆದಿರಲಿಲ್ಲ, ಹೇಳಲೇಬೇಕೆಂದೂ ಇರಲಿಲ್ಲ. ಆದರೂ ಹೇಳಿದೆ. "ತಪ್ಪು ಒಪ್ಪಿಕೊಂಡ್ರ ಏನೂ ಮಾಡಂಗಿಲ್ಲಂತ. ಸುಳ್ಳು ಹೇಳಬ್ಯಾಡ್ರಿ ಅಂತ ಅನ್ನಾಕತ್ತಾರ."

ಪಡಸಾಲೆಯಲ್ಲಿ ಒಂದು ಕೂಸು ಅಳುತ್ತಿತ್ತು. ಕಟ್ಟೆಯ ಮೇಲಿನವರಲ್ಲಿ ಒಬ್ಬರು, "ಮೊನ್ನಿ ನಮ್ಮ ಮೊಮ್ಮಗಳಿಗೆ ಸೂಜಿ ಹಾಕಲಾರದಂಗ ಆಗಿದ್ದು ಇದಕ್ಕ ಏನು?" ಎಂದರು.

ಕಾಕಾ ಚಪ್ಪರದ ಬೀಗದ ಕೈಯನ್ನು ಜೇಬಿನಿಂದ ತೆಗೆದು ನನಗೆ ಕೊಟ್ಟರು. "ತಗೋರಿ ಮೇಡಂರೀ," ಎಂದರು. ಯವ್ವಾ ಎನ್ನಲಿಲ್ಲ. ನಾವು ಯಂತ್ರವನ್ನು ಜೀಪಿಗೆ ಏರಿಸುವಾಗ ಅವರು ಅಲ್ಲಿರಲಿಲ್ಲ.

ಲ್ಯಾಬಿನಲ್ಲಿ ಬೋಲ್ಟು ಬಿಚ್ಚಿ ಸೆಲ್ಲುಗಳನ್ನು ಒಂದೊಂದಾಗಿ ತೆರೆಯುವ ಕೆಲಸ ನನ್ನದಾಯಿತು. ಒಂದನೇ ಸೆಲ್ಲಿನಿಂದ ಶುರು ಮಾಡಿದೆ. ಪೊರೆ ಸ್ವಚ್ಛವಾಗಿತ್ತು, ಕಪ್ಪು ಲೇಪ ಹಾಗೇ ಇತ್ತು. ಎರಡನೆಯದು, ಹತ್ತನೆಯದು, ಇಪ್ಪತ್ತನೆಯದು, ಎಲ್ಲವೂ ಹಾಗೇ. ಇಪ್ಪತ್ಮೂರನೆಯದರಲ್ಲಿ ಅಂಚು ಸ್ವಲ್ಪ ಮಾಸಿತ್ತು. ಇಪ್ಪತ್ನಾಲ್ಕನೆಯದನ್ನು ತೆರೆದಾಗ ನಾನು ಕುರ್ಚಿ ಎಳೆದುಕೊಂಡು ಕೂತೆ. ಪೊರೆ ಕಂದಾಗಿ, ತೆಳ್ಳಗಾಗಿ, ಒಂದು ಕಡೆ ತೂತು ಬಿದ್ದಿತ್ತು. ಕೆಳಭಾಗದಲ್ಲಿ, ನೀರು ನಿಲ್ಲುವ ಗೀರುಗಳ ನೇರಕ್ಕೆ, ಹೈಡ್ರೋಜನ್ ಮಗ್ಗುಲಿನ ಕಪ್ಪು ಲೇಪ ಪಟ್ಟಿಪಟ್ಟಿಯಾಗಿ ಮಾಯವಾಗಿತ್ತು.

ಬಾವಿಯ ನೀರು ಹಾಕಿದ್ದರೆ ಅದು ಮೊದಲು ಒಂದನೇ ಸೆಲ್ಲನ್ನು ಮುಟ್ಟಬೇಕು. ಇಲ್ಲಿ ಹಾಳಾದದ್ದು ಕೊನೆಯದು ಮಾತ್ರ.

ಮೂರು ಬಾಟಲಿಗಳ ನೀರು ಇನ್ನೂ ಕಪಾಟಿನಲ್ಲಿತ್ತು. ಕಾಲೇಜಿನ ಹುಡುಗಿಯೂ ಮಾಡಬಲ್ಲ ಎರಡು ಪರೀಕ್ಷೆ ಮಾಡಿದೆ. ಗಡಸುತನ ನೋಡುವ ನೀಲಿ ಬಣ್ಣದ ಹನಿ ಹಾಕಿದಾಗ ಬಾವಿಯ ನೀರು ಕೆಂಪಾಯಿತು. ಯಂತ್ರದ ನೀರು ನೀಲಿಯಾಗಿಯೇ ಉಳಿಯಿತು, ಅಂದರೆ ಅದರಲ್ಲಿ ಸುಣ್ಣದ ಅಂಶವಿಲ್ಲ. ಉಪ್ಪು ನೋಡುವ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಾವಿಯ ನೀರು ಹಾಲಿನಂತಾಯಿತು, ಯಂತ್ರದ ನೀರು ತಿಳಿಯಾಗಿಯೇ ಇತ್ತು. ಕಾಕಾ ತುಂಬುತ್ತಿದ್ದ ಬಾಟಲಿಯ ನೀರಿನಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ, ಫ್ಲೋರೈಡೂ ಇಲ್ಲ. ಬಾವಿಯಿಂದ ಫ್ಲೋರೈಡ್ ಒಂದೇ ಬಿಡಿಸಿಕೊಂಡು ಬರುವುದು ಸಾಧ್ಯವಿರಲಿಲ್ಲ. ಈ ಪರೀಕ್ಷೆಗಳಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಆ ಊರಿಗೆ ಹೋಗುವ ಮೊದಲೇ ಮಾಡಬಹುದಿತ್ತು.

ಹಾಗಾದರೆ ಫ್ಲೋರೈಡ್ ಎಲ್ಲಿಂದ ಬಂತು? ನಮ್ಮ ಪೊರೆಯೇ ಫ್ಲೋರಿನ್ ಇರುವ ಪ್ಲಾಸ್ಟಿಕ್ಕಿನದು. ಅದು ಕರಗಿ ಸವೆದರೆ ಫ್ಲೋರೈಡ್ ನೀರಿಗೆ ಬರುತ್ತದೆ. ಖಚಿತ ಮಾಡಿಕೊಳ್ಳಲು ಒಂದೇ ಸೆಲ್ಲನ್ನು ಹೊಸದಾಗಿ ಕಟ್ಟಿ, ಶುದ್ಧ ನೀರಿನಲ್ಲೇ ಓಡಿಸಿ, ಬೇಕೆಂದೇ ಅದರ ತುದಿಯನ್ನು ತಣ್ಣಗಿಟ್ಟು ಅರ್ಧ ತಾಸಿಗೊಮ್ಮೆ ಮಾತ್ರ ವಾಲ್ವ್ ತೆರೆದೆ. ಹೊರಗಿನಿಂದ ಬೇರೆ ಸೆಲ್ಲುಗಳ ಕರೆಂಟು ಅದರ ಮೂಲಕ ಹಾಯುವಂತೆ ಮಾಡಿದೆ. ನೀರು ಕಟ್ಟಿತು, ಹೈಡ್ರೋಜನ್ ಒಳಗೆ ಮುಟ್ಟಲಿಲ್ಲ, ವೋಲ್ಟೇಜು ಸೊನ್ನೆಗಿಂತ ಕೆಳಗೆ ಹೋಯಿತು. ಹೈಡ್ರೋಜನ್ ಸಿಗದ ಸೆಲ್ ಕರೆಂಟನ್ನು ಹಾಯಿಸಲು ತನ್ನ ಇದ್ದಿಲನ್ನೇ ತಿನ್ನುತ್ತದೆ. ಇದ್ದಿಲು ಹೋದರೆ ಪ್ಲಾಟಿನಂ ಹಿಡಿದುಕೊಳ್ಳಲು ಆಸರೆಯಿಲ್ಲದೆ ಉದುರುತ್ತದೆ. ಹನ್ನೆರಡನೇ ದಿನ ಹೊರಬಂದ ನೀರು ಬೂದುಬಣ್ಣವಾಗಿತ್ತು, ಅದರಲ್ಲಿ ಫ್ಲೋರೈಡ್ ಇತ್ತು.

ಆ ದಿನ ನಾನು ಕಾಕಾನ ಹಾಳೆಗಳನ್ನು ತೆಗೆದು ಷರಾದ ಕಾಲಮನ್ನು ಮೊದಲಿನಿಂದ ಓದಿದೆ. ಅರ್ಧ ತಾಸಿನ ಕ್ರಮ ಶುರುವಾದ ದಿನದಿಂದ ಹೆಚ್ಚುಕಡಿಮೆ ಪ್ರತಿದಿನ ಒಂದೇ ಮಾತನ್ನು ಬೇರೆಬೇರೆಯಾಗಿ ಬರೆದಿದ್ದರು. ಕಡೇದು ಇಳದೈತಿ. ವಾಲ್ವ್ ಬಿಟ್ಟರ ಏರತೈತಿ. ಕಡೇದಕ್ಕ ಗ್ಯಾಸು ಮುಟ್ಟವಲ್ದು. ನೀರು ಕರ್ರಗ ಬರಾಕತ್ತೈತಿ, ಮೇಡಂ ಅವರು ನೋಡಬೇಕು. ಈ ಕೊನೆಯ ಸಾಲು ಮೂರು ವಾರದ ಹಾಳೆಗಳಲ್ಲಿ ಇತ್ತು.

ಮುಖ್ಯಸ್ಥರ ಕೋಣೆಗೆ ಎಲ್ಲವನ್ನೂ ಒಯ್ದೆ. ಅವರು ತೂತು ಬಿದ್ದ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ. ಆ ಯಂತ್ರಕ್ಕಾಗಿ ಹತ್ತು ವರ್ಷ ದುಡಿದವರು. ಯಂತ್ರ ನೋಡಿಕೊಂಡವನ ತಪ್ಪಿನಿಂದ ಕೆಟ್ಟಿತು ಎಂದು ವರದಿ ಹೋದರೆ ಎರಡನೇ ಹಂತಕ್ಕೆ ಮಂಜೂರಾತಿ ಸಿಗುತ್ತದೆ, ವಿನ್ಯಾಸದ ಮತ್ತು ನಮ್ಮ ಆದೇಶದ ತಪ್ಪು ಎಂದರೆ ಬಹುಶಃ ಇಲ್ಲಿಗೇ ನಿಲ್ಲುತ್ತದೆ ಎಂದರು. ಅದು ನನಗೂ ಗೊತ್ತಿತ್ತು. ಕಾಕಾನ ತಪ್ಪೆನ್ನುವ ವರದಿಗೆ ನಾನು ಸಹಿ ಹಾಕುವುದಿಲ್ಲ, ವಾಲ್ವಿನ ಅವಧಿ ಬದಲಿಸಿದ್ದು ನಾನು ಎಂದು ಬರೆದ ವರದಿಗೆ ಹಾಕುತ್ತೇನೆ ಎಂದೆ. ಅವರು ಯೋಚಿಸಿ ಹೇಳುತ್ತೇನೆ ಎಂದರು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನನ್ನ ಕರಡನ್ನು ವಾಪಸು ಕೊಟ್ಟರು. ನನ್ನ ಹೆಸರಿದ್ದ ಸಾಲಿನ ಕೆಳಗೆ, ಈ ಬದಲಾವಣೆಗೆ ಒಪ್ಪಿಗೆ ಕೊಟ್ಟವನು ನಾನು ಎಂದು ತಮ್ಮ ಕೈಯಿಂದ ಸೇರಿಸಿದ್ದರು.

ವರದಿ ಮೇಲಿನವರ ಕೈ ದಾಟಿ ಒಪ್ಪಿತವಾಗಲು ಆರು ವಾರ ಹಿಡಿಯಿತು. ಎಲ್ಲ ಮುಗಿದ ಮೇಲೆ, ಅದರ ಪ್ರತಿ ಹಿಡಿದುಕೊಂಡು ನಾನೇ ಹೋಗಿ ಕಾಕಾನಿಗೆ ಹೇಳಬೇಕೆಂದಿದ್ದೆ. ಎದುರಿಗೆ ನಿಂತು ಹೇಳಬೇಕಾದ ಮಾತು ಅದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂದು ಕಾರ್ಡು ಬರೆದು ಹಾಕಿದ್ದರೆ ನಾಲ್ಕು ದಿನದಲ್ಲಿ ಮುಟ್ಟುತ್ತಿತ್ತು. ನಿಮ್ಮದು ತಪ್ಪಿಲ್ಲ ಕಾಕಾ ಎಂಬ ಒಂದು ಸಾಲು ಸಾಕಿತ್ತು.

ಏಪ್ರಿಲಿನಲ್ಲಿ ಹೋದೆ. ಸಿಂಧನೂರಿನಲ್ಲಿ ಬಸ್ಸು ಬದಲಿಸುವಾಗ ದವಾಖಾನೆಯ ನರ್ಸ್ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು. ಔಷಧಿಯ ಪೆಟ್ಟಿಗೆ ತೆಗೆದುಕೊಂಡು ಊರಿಗೆ ಹೊರಟಿದ್ದರು. ನಾನು ಕಾಕಾನನ್ನು ವಿಚಾರಿಸಿದೆ. ಅವರು ಪೆಟ್ಟಿಗೆಯನ್ನು ಕೆಳಗಿಟ್ಟರು.

"ನಿಮ್ಗ ಗೊತ್ತಿಲ್ಲೇನ್ರಿ? ತೀರಿಕೊಂಡು ಇಪ್ಪತ್ತು ದಿನ ಆತು. ಮೂರು ದಿನ ಜ್ವರ ಬಂದಿತ್ತು. ಲಿಂಗಸುಗೂರಿಗೆ ಒಯ್ಯೋಣು ಅಂದ್ರ ಬ್ಯಾಡ ಅಂದ್ರು."

ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಅವಮಾನದಿಂದ ಅವರು ಸತ್ತರು ಎಂದು ನಾನು ಬರೆಯಲಾರೆ. ಆ ಬೇಸಿಗೆಯಲ್ಲಿ ಆ ಊರಿನಲ್ಲಿ ಜ್ವರದಿಂದ ಬೇರೆಯವರೂ ಸತ್ತಿದ್ದರು. ನನಗೆ ಗೊತ್ತಿರುವುದು, ಅವರು ಸಾಯುವಾಗ ಆ ಮಾತು ಅವರ ಮೇಲೆ ಇತ್ತು ಎಂಬುದಷ್ಟೇ.

ಕಾಕಾನ ಹೆಂಡತಿ ಮನೆಯ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನರ್ಸ್ ನನ್ನ ಪರಿಚಯ ಹೇಳಿದಾಗ ಕೈ ನಿಲ್ಲಿಸಿ ನೋಡಿದರು. ಒಳಗೆ ಕರೆದು ಚಾಪೆ ಹಾಸಿ, ನೀರು ಕೊಟ್ಟರು.

ನಾನು ಹೇಳಿದೆ. ಯಂತ್ರ ಬಿಚ್ಚಿ ನೋಡಿದ್ದನ್ನು, ನೀರನ್ನು ಪರೀಕ್ಷಿಸಿದ್ದನ್ನು, ಅರ್ಧ ತಾಸಿನ ಕ್ರಮ ಕೊಟ್ಟದ್ದು ನಾನೇ ಎಂಬುದನ್ನು. "ಕಾಕಾಂದು ಏನೂ ತಪ್ಪಿರಲಿಲ್ಲ ಚಿಗವ್ವಾ. ಅವರು ಹೇಳಿದ್ದ ಖರೆ ಇತ್ತು," ಎಂದೆ.

ಅವರು ಮಡಿಲಿಗೆ ಅಂಟಿದ್ದ ಜೋಳದ ಹೊಟ್ಟನ್ನು ಕೊಡವಿದರು.

"ದಿನಾ ಎಣಸ್ತಿದ್ದ," ಎಂದರು ಆಮೇಲೆ. "ಯಾವತ್ತು ಆಗಿರಬೇಕು ಅಂತ. ಸಿಂಧನೂರಿನಿಂದ ತಂದ ಕ್ಯಾನಿನಾಗ ಏನರ ಫರಕು ಇತ್ತೇನೋ, ಕತ್ತಲದಾಗ ಕೊಡ ಬಾಟಲಿ ಅದಲಬದಲ ಆತೇನೋ, ಹಿಂಗ. ನಾ ಹೇಳಿದೆ, ನೀ ಹಾಕಿಲ್ಲ ಅಂದ್ರ ಹಾಕಿಲ್ಲ, ಬಿಡು ಅಂತ. ಇಲ್ಲ, ಆ ಹುಡಿಗಿ ಸುಳ್ಳು ಹೇಳಾಕಿ ಅಲ್ಲ, ಪರೀಕ್ಷಾ ಮಾಡ್ಯಾರ, ನಂದ ಎಲ್ಲೋ ಕೈ ತಪ್ಪೈತಿ ಅಂತಿದ್ದ. ಜ್ವರದಾಗೂ ಅದ ಲೆಕ್ಕ."

ನಾನು ಚೀಲದಿಂದ ವರದಿಯ ಪ್ರತಿಯನ್ನು ತೆಗೆದೆ.

"ಆವತ್ತು ನಿನಗ ಗೊತ್ತಿರಲಿಲ್ಲೇನು?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದರು.

"ಗೊತ್ತಿರಲಿಲ್ಲ ಚಿಗವ್ವಾ. ಆದ್ರ ಅವರು ಹಂಗ ಮಾಡಿರಾಕಿಲ್ಲ ಅಂತ ಅನಸಿತ್ತು. ಅನಸಿದ್ದು ಹೇಳಲಿಲ್ಲ."

ಅವರು ತಲೆಯಾಡಿಸಿದರು. ನಾನು ವರದಿಯ ಪ್ರತಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನನಗ ಓದಾಕ ಬರಂಗಿಲ್ಲ. ನನಗ ಹೇಳೂದೂ ಬ್ಯಾಡ, ನನಗ ಮೊದಲ ಗೊತ್ತಿತ್ತು. ಆವತ್ತು ಎಲ್ಲಿ ನಿಂತು ಅಂದ್ರಿ, ಅಲ್ಲಿ ನಿಂತು ಹೇಳು. ನಾಳೆ ಸೂಜಿ ದಿನ ಐತಿ."

ಆ ರಾತ್ರಿ ನರ್ಸ್ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಪಡಸಾಲೆ ತುಂಬಿತ್ತು. ನರ್ಸ್ ಎರಡು ಮಾತು ಹೇಳಿ ನನ್ನನ್ನು ಮುಂದೆ ಬಿಟ್ಟರು. ಪ್ಲಾಟಿನಂ, ಪೊರೆ, ಫ್ಲೋರೈಡ್ ಎಂದೆಲ್ಲ ವಿವರಿಸಲು ಹೊರಟು, ಅರ್ಧಕ್ಕೆ ನಿಲ್ಲಿಸಿದೆ. ಅದು ಅಲ್ಲಿ ಬೇಕಿರಲಿಲ್ಲ.

"ಮಷಿನ್ ಕೆಟ್ಟಿದ್ದು ಕಾಕಾನಿಂದ ಅಲ್ರಿ," ಎಂದೆ. "ಅವರು ಬಾವಿ ನೀರು ಹಾಕಿರಲಿಲ್ಲ. ನಾ ಕೊಟ್ಟ ಹಾಳ್ಯಾಗ ತಪ್ಪಿತ್ತು. ಹಂಗ ಮಾಡಿದ್ರ ಕೆಡತೈತಿ ಅಂತ ಅವರು ನನಗ ಹೇಳಿದ್ರು. ನಾ ಕೇಳಲಿಲ್ಲ. ಆಮ್ಯಾಲ ಇಲ್ಲೇ ನಿಂತು, ನಿಮ್ಮೆಲ್ಲರ ಮುಂದ, ನನ್ನ ಬಾಯಿಲೆ ಅವರಿಗೆ ಸುಳ್ಳು ಹೇಳಬ್ಯಾಡ್ರಿ ಅಂದೆ. ಅವರು ಸುಳ್ಳು ಹೇಳಿರಲಿಲ್ಲ."

ಮುಂದೆ ಕೂತ ಒಬ್ಬ ತಾಯಿ ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡಳು. ಕಟ್ಟೆಯ ಮೇಲಿನವರಲ್ಲಿ ಒಬ್ಬರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಅವತ್ತು ಮೊಮ್ಮಗಳ ಮಾತು ಎತ್ತಿದವರು ಅವರೇ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಮಷಿನ್ನು ಮತ್ತ ತರತೀರೇನು?"

"ಇಲ್ರಿ. ಅದು ಇಲ್ಲಿಗೇ ನಿಂತೈತಿ."

ಕಾಕಾನ ಹೆಂಡತಿ ಬಾಗಿಲಿನ ಹೊರಗೆ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದರು. ನಾನು ಅವರ ಕಡೆ ನೋಡುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು. ನರ್ಸ್ ಮೊದಲನೇ ಮಗುವಿನ ಹೆಸರು ಕರೆದರು. ತಾಯಿ ಎದ್ದು ಒಳಗೆ ಹೋದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ, ಕೊನೆಯ ಮಗುವಿಗೆ ಸೂಜಿ ಹಾಕುವವರೆಗೂ ಅಲ್ಲೇ ಇದ್ದೆ. ಯಾರಾದರೂ ಬಂದು ಏನಾದರೂ ಅನ್ನಬಹುದು ಎಂದು ಕಾದೆ. ಯಾರೂ ಬರಲಿಲ್ಲ.